ಖಾತ್ರಿ ಇಲ್ಲದ ಅತಿಥಿ

ನನ್ನ ಹತ್ತಿರ 17 ಇ-ಸರ್ಟಿಫಿಕೇಟುಗಳಿವೆ. ಎಲ್ಲವೂ 2020ರ ಮೇ-ಜೂನ್ ತಿಂಗಳ ಬೆಳೆ. ಆ ಬೇಸಿಗೆಯಲ್ಲಿ ಕಾಲೇಜು ಬಂದ್, ವೆಬಿನಾರ್ ಚಾಲೂ. ಒಂದು ಗಂಟೆ ಕೂತು, ಕೊನೆಗೆ ಗೂಗಲ್ ಫಾರ್ಮ್ ತುಂಬಿದರೆ ಬಣ್ಣದ ಅಂಚಿನ ಪ್ರಮಾಣಪತ್ರ ಮೇಲ್‌ಗೆ ಬಂದು ಬೀಳುತ್ತಿತ್ತು. ಅವುಗಳಲ್ಲಿ ನಾಲ್ಕರ ಮೇಲೆ ‘ಸೃಜನಶೀಲ ಬೋಧನೆ’ ಎಂಬ ಮಾತಿದೆ. ಅಂಥದೊಂದು ವೆಬಿನಾರಿನಲ್ಲಿ, ಬೆನ್ನ ಹಿಂದೆ ಪುಸ್ತಕದ ಕಪಾಟು ಕಾಣುವಂತೆ ಕೂತಿದ್ದ ಹಿರಿಯರೊಬ್ಬರು ‘ಮನಸ್ಸಿದ್ದರೆ ಮಾರ್ಗ’ ಎಂದರು. ನಾನೂ ಕೈಮುಗಿದ ಚಿತ್ರ ಹಾಕಿದೆ. ಎರಡು ವರ್ಷದ ಮೇಲೆ ಆ ನಮಸ್ಕಾರವನ್ನು ವಾಪಸ್ ತಗೊಳ್ಳುತ್ತಿದ್ದೇನೆ.

ಮಾರ್ಗ ನಮಗೆ ಸಿಕ್ಕಿತ್ತು. ಅದರಲ್ಲಿ ನಡೆದೂ ನಡೆದೆವು. ಆದರೆ ಯಾರ ಖರ್ಚಿನಲ್ಲಿ? ನನ್ನ ತಕರಾರು ಅಷ್ಟೇ.

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. 2020ರ ಮಾರ್ಚ್‌ನಲ್ಲಿ ಬೀಗ ಬಿದ್ದಾಗ ಎಲ್ಲರೂ ಮಾಡಿದ್ದನ್ನೇ ಮಾಡಿದೆ: ವಾಟ್ಸಾಪ್ ಗ್ರೂಪ್ ಮಾಡಿ ಪಿಡಿಎಫ್ ಸುರಿದೆ. ತರಗತಿಯಲ್ಲಿ 64 ಮಂದಿ, ಗ್ರೂಪಿನಲ್ಲಿ 27. ಆ 27ರಲ್ಲೂ ಎಂಟು ನಂಬರು ಅಣ್ಣಂದಿರದು, ಒಂದು ಪಕ್ಕದ ಮನೆಯವರದು. ವರದಿಯಲ್ಲಿ ಮಾತ್ರ ‘ಆನ್‌ಲೈನ್ ತರಗತಿ ನಡೆದಿದೆ’ ಎಂದು ಬರೆದುಕೊಟ್ಟೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆ ನೂರಕ್ಕೆ ಐದೂ ಇಲ್ಲ, ಇಂಟರ್‌ನೆಟ್ ಇದ್ದದ್ದು ನೂರಕ್ಕೆ ಸುಮಾರು 15 ಮನೆಯಲ್ಲಿ ಎಂದು 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯೇ ಹೇಳಿತ್ತು. ಈ ಅಂಕಿಯನ್ನು ನಾನೇ ಕ್ಲಾಸಿನಲ್ಲಿ ಬರೆಸಿದ್ದೆ. ಬರೆಸಿದವನೇ ಪಿಡಿಎಫ್ ಕಳಿಸಿದೆ.

ಯಲಬುರ್ಗಾ ಕಡೆಯ ಹಳ್ಳಿಯ ಹುಡುಗಿಯೊಬ್ಬಳಿಗೆ ಫೋನ್ ಮಾಡಿ, ‘ಯಾಕಮ್ಮ, ಒಂದೂ ಉತ್ತರ ಕಳಿಸಿಲ್ಲ?’ ಅಂತ ಸ್ವಲ್ಪ ಗಡುಸಾಗಿಯೇ ಕೇಳಿದೆ. ‘ಫೋನ್ ಅಣ್ಣನ ಕಡೆ ಇರ್ತೈತ್ರಿ ಸರ. ಅಂವಾ ಹೊಲದಿಂದ ಬಂದ ಮ್ಯಾಲ ಕೊಡ್ತಾನ. ಅಷ್ಟೊತ್ತಿಗೆ ನೆಟ್ ಖಾಲಿ ಆಗಿರ್ತೈತ್ರಿ’ ಅಂದಳು. ಫೋನ್ ಇಟ್ಟ ಮೇಲೆ ನನಗೆ ನಾಚಿಕೆಯಾಯಿತು.

ಅವತ್ತಿನಿಂದ ನಾನೂ, ಕನ್ನಡ ಕಲಿಸುವ ನನ್ನ ಗೆಳೆಯರೂ ದಾರಿ ಬದಲಿಸಿದೆವು. ಅವರೂ ಅತಿಥಿಯೇ. ನೆಟ್ ಇಲ್ಲದಿದ್ದರೆ ಬೇಡ, ಮಾತು ಸಾಕು ಎಂದವರು ಅವರು. ಕೀಪ್ಯಾಡ್ ಫೋನಿನಲ್ಲೂ ಕಾನ್ಫರೆನ್ಸ್ ಕಾಲ್ ಆಗುತ್ತದೆ, ಒಂದು ಸಲಕ್ಕೆ ಐದು ಮಂದಿ. ರಾತ್ರಿ ಎಂಟೂವರೆಗೆ ಒಂದು ತಂಡ, ಒಂಬತ್ತಕ್ಕೆ ಇನ್ನೊಂದು. ಆ ಹೊತ್ತೇ ಯಾಕೆಂದರೆ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಗಂಗಾವತಿ ಕಡೆ ಭತ್ತದ ನಾಟಿ ಶುರುವಾದರೆ ಹುಡುಗಿಯರು ಬೆಳಿಗ್ಗೆಯೇ ಗದ್ದೆಗೆ ಇಳಿಯುತ್ತಾರೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಮಳೆ ಬಿದ್ದರೆ ಸಜ್ಜೆ, ಶೇಂಗಾದ ಕೆಲಸ. ಎಲ್ಲರೂ ಮನೆಗೆ ಬಂದು, ಉಂಡು ಕೂರುವ ಹೊತ್ತು ಅದು. ಬಸ್ಸು ಶುರುವಾದ ಮೇಲೆ ಝೆರಾಕ್ಸ್ ನೋಟ್ಸನ್ನು ಕಂಡಕ್ಟರ್ ಕೈಯಲ್ಲಿ, ಹಾಲಿನ ಗಾಡಿಯವರ ಕೈಯಲ್ಲಿ ಕಳಿಸಿದೆವು. ಅವರು ಒಂದು ಕಟ್ಟನ್ನೂ ಕಳೆಯಲಿಲ್ಲ.

ಫೋನೇ ಇಲ್ಲದವರನ್ನು ಹುಡುಕಿಕೊಂಡು ಬೈಕಿನಲ್ಲಿ ಹೋದೆ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ನಾಲ್ವರು ವಿದ್ಯಾರ್ಥಿಗಳು ನರೇಗಾ ಕೆಲಸದಲ್ಲಿ ಕೃಷಿಹೊಂಡ ತೋಡುತ್ತಿದ್ದರು. ಆ ವರ್ಷ ಕೂಲಿ ದಿನಕ್ಕೆ 275 ರೂಪಾಯಿ. ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ ಹೋದವರೆಲ್ಲ ಊರಿಗೆ ಮರಳಿದ್ದರು. ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಕೂತು ಕೇಳಿದೆ: ಗುಳೆ ಹೋದವರು ಒಮ್ಮೆಲೇ ವಾಪಸ್ ಬಂದರೆ ಊರಿನ ಕೂಲಿ ಏನಾಗುತ್ತದೆ? ಒಬ್ಬ ಹಣೆಯ ಬೆವರು ಒರೆಸಿಕೊಳ್ಳುತ್ತ ‘ಇಳೀತೈತ್ರಿ ಸರ. ನಮ್ಮ ಓಣ್ಯಾಗ ಆಗ್ಲೇ ಇಳದೈತಿ’ ಅಂದ. ಬೇಡಿಕೆ-ಪೂರೈಕೆಯನ್ನು ಅಷ್ಟು ಚೆನ್ನಾಗಿ ನಾನು ಹಲಗೆಯ ಮೇಲೆ ಯಾವತ್ತೂ ಕಲಿಸಿಲ್ಲ. ಹೊಂಡದ ಉದ್ದ, ಅಗಲ, ಆಳ ಅಳೆದು, ತೆಗೆದ ಮಣ್ಣೆಷ್ಟು, ತಲೆಗೆ ಸರಾಸರಿ ಎಷ್ಟು ಎಂದು ಲೆಕ್ಕ ಹಾಕಿಸಿದೆ. ಸಂಖ್ಯಾಶಾಸ್ತ್ರಕ್ಕೆ ಹೆದರುತ್ತಿದ್ದ ಹುಡುಗರು ಪೈಸೆ ತಪ್ಪದಂತೆ ಲೆಕ್ಕ ಮಾಡಿದರು. ಅದು ಅವರ ಕೂಲಿಯ ಲೆಕ್ಕ.

ಇಂಥ ಕತೆಗಳನ್ನು ಜನ ಇಷ್ಟಪಡುತ್ತಾರೆ. ಇಲ್ಲಿಗೇ ನಿಲ್ಲಿಸಿದರೆ ನನಗೂ ಒಂದು ಹಾರ ಬೀಳಬಹುದು. ನಿಲ್ಲಿಸುವುದಿಲ್ಲ. ಆಗ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರ ಗೌರವಧನ, ಅರ್ಹತೆ ನೋಡಿ ತಿಂಗಳಿಗೆ 11,000 ಇಲ್ಲವೇ 13,000 ರೂಪಾಯಿ. ಅದೂ ನೇಮಕಾತಿ ಇದ್ದ ತಿಂಗಳುಗಳಿಗೆ. ಲಾಕ್‌ಡೌನಿನಲ್ಲಿ ನನ್ನ ಖಾತೆಗೆ ತಿಂಗಳುಗಟ್ಟಲೆ ಏನೂ ಬರಲಿಲ್ಲ. ಕರೆಯ ರೀಚಾರ್ಜು, ಝೆರಾಕ್ಸು, ಪೆಟ್ರೋಲು ನನ್ನ ಹೆಂಡತಿ ಹೊಲಿಗೆ ಮಷಿನ್ ತುಳಿದು ಉಳಿಸಿದ ದುಡ್ಡಿನದು. ಆ ಹೊಂಡದ ಹತ್ತಿರ ಇದ್ದವರಲ್ಲಿ ಅವತ್ತಿನ ದುಡಿಮೆಗೆ ಕೂಲಿಯ ಖಾತ್ರಿ ಇಲ್ಲದವನು ನಾನೊಬ್ಬನೇ. ಅದೂ ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿ!

‘ಎಲ್ಲರಿಗೂ ಕಷ್ಟ ಇತ್ತಲ್ರೀ, ಸರ್ಕಾರದ ಹತ್ತಿರ ದುಡ್ಡೆಲ್ಲಿತ್ತು?’ ಎಂದು ಕೇಳುವವರಿದ್ದಾರೆ. ಕೇಳಲಿ, ಅದು ನ್ಯಾಯವಾದ ಪ್ರಶ್ನೆಯೇ. ಖಾಸಗಿ ಶಾಲೆಯ ಮೇಷ್ಟ್ರುಗಳು ತರಕಾರಿ ಮಾರಿದ ಕಾಲ ಅದು. ಆದರೆ ದುಡ್ಡು ಇರಲೇ ಇಲ್ಲವೆನ್ನುವಂತಿಲ್ಲ. 2021ರಲ್ಲಿ ಕಾಲೇಜುಗಳಿಗೆ ಎಲ್‌ಎಂಎಸ್ ಎಂಬ ಡಿಜಿಟಲ್ ಕಲಿಕೆಯ ವ್ಯವಸ್ಥೆ ಬಂತು. ಅದೇ ವರ್ಷ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್ ಮುಂತಾದ ಕಡೆಯ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಯೋಜನೆಯೂ ಬಂತು. ಒಳ್ಳೆಯದೇ. ಬಡವರ ಮಕ್ಕಳ ಕೈಗೆ ಟ್ಯಾಬ್ ಬಂದರೆ ಹೊಟ್ಟೆಕಿಚ್ಚುಪಡುವ ಮೇಷ್ಟ್ರು ನಾನಲ್ಲ. ಆದರೆ ಟ್ಯಾಬಿನೊಳಗಿನ ಪಾಠವನ್ನು ಬಿಡಿಸಿ ಹೇಳುವವನು ಯಾರು, ಅವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಯಾರೂ ಕೇಳಲಿಲ್ಲ.

ನಮ್ಮ ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಅದನ್ನು ಓದಲು ಬರುತ್ತಿತ್ತೇ? ಯಾರೋ ಓದಿ, ಅವನ ಮಾತಿನಲ್ಲಿ ಹೇಳಿದರೆ ಮಾತ್ರ ದೊರೆಯ ಸಂದೇಶ ಅವನನ್ನು ಮುಟ್ಟುತ್ತಿತ್ತು. ನಮ್ಮ ಕಾಲದ ದೊರೆಗಳು ಬಂಡೆ ಕೊಂಡರು, ಅಕ್ಷರ ಕೊರೆಸಿದರು, ಓದಿ ಹೇಳುವವನನ್ನು ಮಾತ್ರ ಅತಿಥಿ ಎಂದು ಕರೆದು ಹೊರಗೆ ನಿಲ್ಲಿಸಿದರು.

ಶಾಲೆಯ ಮಕ್ಕಳಿಗಾದರೂ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಸ್ಮಾರ್ಟ್‌ಫೋನ್ ಇರುವವರು, ಬರೀ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಗುಡಿ, ಕಟ್ಟೆ, ಮರದ ನೆರಳಿಗೆ ಮೇಷ್ಟ್ರನ್ನು ಕಳಿಸಿದರು. ಸೋಂಕಿನ ಸುದ್ದಿಗಳು ಬಂದು ಅಕ್ಟೋಬರ್‌ನಲ್ಲಿ ಅದು ನಿಂತಿತು. ಅದರಲ್ಲಿ ತಪ್ಪುಗಳಿದ್ದವು. ಆದರೂ ಹಳ್ಳಿಗೆ ಹೋಗಿ ಕಲಿಸುವುದು ಕೆಲಸ, ಅದಕ್ಕೆ ಸಂಬಳ ಇದೆ ಎಂಬ ಒಪ್ಪಿಗೆ ಅದರಲ್ಲಿತ್ತು. ನಾವು ಬೇವಿನ ಮರದ ಕೆಳಗೆ ಕಲಿಸಿದ್ದು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಮುಂದಿನದು ನಿಮಗೆ ಗೊತ್ತಿದೆ. 2021ರ ಡಿಸೆಂಬರ್‌ನಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಬೀದಿಗೆ ಬಂದರು. 2022ರ ಜನವರಿಯಲ್ಲಿ ಗೌರವಧನ 26,000ದಿಂದ 32,000 ರೂಪಾಯಿವರೆಗೆ ಏರಿತು. ನಾವೂ ಪೇಡೆ ಹಂಚಿದೆವು. ಆಮೇಲೆ ಆದೇಶದ ಇನ್ನೊಂದು ಸಾಲು ಓದಿದೆವು: ವಾರಕ್ಕೆ ಎಂಟು-ಹತ್ತು ಗಂಟೆಯ ಬದಲು ಇನ್ನು 15 ಗಂಟೆ ಪಾಠ. ಅರ್ಥಶಾಸ್ತ್ರ ಬೇಡ, ಕೂಡಿ ಕಳೆಯಲು ಬಂದರೆ ಸಾಕು. ಮೂವತ್ತು ಗಂಟೆಯ ಪಾಠವನ್ನು ಮೂವರು ಹಂಚಿಕೊಂಡಿದ್ದರೆ, ಈಗ ಇಬ್ಬರು ಸಾಕು. ಮೂರನೆಯವರು ಮನೆಗೆ.

ನಮ್ಮಲ್ಲಿ ಮನೆಗೆ ಹೋದವರು ಕಾನ್ಫರೆನ್ಸ್ ಕಾಲ್ ಶುರುಮಾಡಿದ ಆ ಕನ್ನಡ ಮೇಷ್ಟ್ರು. ಎಷ್ಟು ಹುಡುಗಿಯರು ಅವರಿಂದಾಗಿ ಓದು ಬಿಡಲಿಲ್ಲ ಎಂದು ಕೇಳುವ ಕಾಲಂ ಯಾವ ಅರ್ಜಿಯಲ್ಲೂ ಇರಲಿಲ್ಲ.

ನಮ್ಮ ಬೇಡಿಕೆಗಳೇನು ಬೆಟ್ಟದಷ್ಟಿಲ್ಲ. ವರ್ಷದ ಹನ್ನೆರಡೂ ತಿಂಗಳು ಗೌರವಧನ ಕೊಡಿ. ಹಳ್ಳಿಗೆ ಹೋಗಿ, ಫೋನಿನಲ್ಲಿ ಕೂತು ಕಲಿಸಿದ ಗಂಟೆಯನ್ನೂ ಆ ಹದಿನೈದರಲ್ಲಿ ಎಣಿಸಿ. ಕಾಲೇಜು ಬಿಟ್ಟವರನ್ನು ಹುಡುಕಿಕೊಂಡು ಹೋಗುವ ಮೇಷ್ಟ್ರಿಗೆ ಒಂದು ಬಸ್ ಪಾಸ್ ಕೊಡಿ. ನಾಟಿ, ಸುಗ್ಗಿ, ಗುಳೆಯ ತಿಂಗಳು ನೋಡಿಕೊಂಡು ವೇಳಾಪಟ್ಟಿ ಮಾಡುವ ಅಧಿಕಾರವನ್ನು ಕಾಲೇಜಿಗೇ ಬಿಡಿ. ಇಷ್ಟಾದರೆ ಸೃಜನಶೀಲತೆ ನಮ್ಮ ಜವಾಬ್ದಾರಿ. ಅದಕ್ಕೆ ವೆಬಿನಾರು ಬೇಡ, ಸರ್ಟಿಫಿಕೇಟೂ ಬೇಡ.

ನನ್ನ ಗೆಳೆಯರು ಈಗ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಿದ್ದೆವು. ಸರಿಯಾಗಿ ಎಂಟೂವರೆಗೆ ಫೋನ್ ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿ, ‘ಹೂಂ ಹೇಳವ್ವ, ಯಾವ ಪದ್ಯ?’ ಅಂದರು. ತಾಟು ಹಾಗೇ ಬಿಟ್ಟು ಎದ್ದು ಹೊರಗೆ ಹೋದರು.