ದ್ರಾಕ್ಷಿತೋಟದೊಳಗೆ ಜೀಪು ಸವಾರಿ: ಅತಿಥಿಯ ಕಣ್ಣಿಗೆ ಬೀಳದ ನೀರಿನ ಲೆಕ್ಕ

ಲಾಸ್ ಏಂಜಲೀಸ್ ಹಾಗೂ ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ನಡುವೆ, ಹೆಚ್ಚೂಕಡಿಮೆ ಅರ್ಧ ದಾರಿಯಲ್ಲಿ, ಪಾಸೊ ರೋಬ್ಲೆಸ್ ಎಂಬ ಊರಿದೆ. ಸುತ್ತಲೂ ದಿಬ್ಬ, ತಗ್ಗು, ಓಕ್ ಮರಗಳು. ಅವುಗಳ ನಡುವೆ ಸುಮಾರು 40,000 ಎಕರೆಯಷ್ಟು ದ್ರಾಕ್ಷಿ. ವೈನ್ ತಯಾರಿಸುವ ಘಟಕಗಳೇ 200ಕ್ಕೂ ಹೆಚ್ಚು. ಇಲ್ಲಿನ ಸ್ಟೈನ್‌ಬೆಕ್ ಕುಟುಂಬದ ತೋಟ ಹೆಸರಾಗಿರುವುದು ವೈನ್‌ಗಿಂತ ಹೆಚ್ಚಾಗಿ ತನ್ನ ಜೀಪು ಸವಾರಿಗೆ. ನಾಲ್ಕಾರು ಅತಿಥಿಗಳನ್ನು ಹಳೆಯ ತೆರೆದ ಜೀಪಿನಲ್ಲಿ ಕೂರಿಸಿಕೊಂಡು, ಡಾಂಬರು ರಸ್ತೆ ಬಿಟ್ಟು, ಬಳ್ಳಿಗಳ ಸಾಲುಗಳ ನಡುವಿನ ಮಣ್ಣುದಾರಿಯಲ್ಲಿ ತೋಟ ತೋರಿಸುವ ಪರಿಪಾಠ ಅಲ್ಲಿ ಬೆಳೆದುಬಂದಿದೆ. 1956ರಲ್ಲಿ ಈ ಜಮೀನಿನಲ್ಲಿ ಸೇನಾ ವಿಮಾನವೊಂದು ಬಿದ್ದಿತ್ತು. ಆ ನೆನಪನ್ನೇ ಬಳಸಿಕೊಂಡು ಸವಾರಿಗೆ 'ಕ್ರ್ಯಾಶ್ ಕೋರ್ಸ್' ಎಂದು ಹೆಸರಿಟ್ಟಿದ್ದಾರೆ. ಹೆಸರಿನಲ್ಲಿ ತಮಾಷೆಯಿದೆ. ಆದರೆ ಇದೇ ಕುಟುಂಬ 2013ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ವಿಷಯ ತಮಾಷೆಯದಲ್ಲ. ಅದು ಜಮೀನಿನಡಿಯ ನೀರಿನ ಹಕ್ಕಿನ ಪ್ರಶ್ನೆ.

ಖಾಸಗಿ ತೋಟ ಪ್ರವಾಸ ಎಂಬ ಈ ಹೊಸ ಉದ್ಯಮವನ್ನು ಅರ್ಥ ಮಾಡಿಕೊಳ್ಳಲು ಇವೆರಡನ್ನೂ, ಜೀಪನ್ನೂ ದಾವೆಯನ್ನೂ, ಒಟ್ಟಿಗೆ ನೋಡಬೇಕಾಗುತ್ತದೆ.

ಮೊದಲು ಹಣದ ಮಾತು. ದ್ರಾಕ್ಷಿ ಬೆಳೆದು ದೊಡ್ಡ ಕಂಪನಿಗೆ ಟನ್ ಲೆಕ್ಕದಲ್ಲಿ ಮಾರುವ ರೈತನಿಗೂ, ಅದೇ ದ್ರಾಕ್ಷಿಯಿಂದ ವೈನ್ ಮಾಡಿ ಬಾಗಿಲಿಗೆ ಬಂದ ಗಿರಾಕಿಗೆ ಬಾಟಲಿ ಲೆಕ್ಕದಲ್ಲಿ ಮಾರುವವನಿಗೂ ಸಿಗುವ ಆದಾಯಕ್ಕೆ ಹೋಲಿಕೆಯೇ ಇಲ್ಲ. ಅಮೆರಿಕದಲ್ಲಿ ವೈನ್ ಬೇಡಿಕೆ ಕುಸಿಯುತ್ತ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಅರೆದ ದ್ರಾಕ್ಷಿಯ ಪ್ರಮಾಣ ಎರಡು ದಶಕಗಳಲ್ಲೇ ಅತಿ ಕಡಿಮೆ. ಕೊಳ್ಳುವವರಿಲ್ಲದೆ ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟವರು, ಬಳ್ಳಿಯನ್ನೇ ಕಿತ್ತವರು ಹಲವರು. ಇಂಥ ಕಾಲದಲ್ಲಿ ಸಣ್ಣ ತೋಟದವನಿಗೆ ಉಳಿದಿರುವ ದಾರಿ ಅತಿಥಿಯೇ. ಅತಿಥಿಗೋ, ಹವಾನಿಯಂತ್ರಿತ ಕೊಠಡಿಯಲ್ಲಿ ಗ್ಲಾಸು ಹಿಡಿದು ನಿಲ್ಲುವುದು ಸಾಕಾಗಿದೆ. ಮಣ್ಣು ಮುಟ್ಟಬೇಕು, ಬೆಳೆದವನ ಬಾಯಿಂದಲೇ ಕಥೆ ಕೇಳಬೇಕು, ಅದೂ ನೂರು ಜನರ ಗುಂಪಿನಲ್ಲಲ್ಲ. ಖಾಸಗಿ ಜೀಪು ಸವಾರಿ ಹುಟ್ಟಿದ್ದು ಈ ಎರಡು ಅಗತ್ಯಗಳು ಕೂಡಿದಲ್ಲಿ.

ಆದರೆ ಜೀಪಿನಲ್ಲಿ ಕುಳಿತವರಿಗೆ ಎಲೆ, ಗೊಂಚಲು, ದಿಬ್ಬದ ನೋಟ ಕಾಣುತ್ತದೆಯೇ ಹೊರತು ನೆಲದ ಕೆಳಗಿನದು ಕಾಣುವುದಿಲ್ಲ. 2012-13ರ ಬರದಲ್ಲಿ ಪಾಸೊ ರೋಬ್ಲೆಸ್ ಸುತ್ತಲಿನ ಹಳ್ಳಿಮನೆಗಳ ಬಾವಿಗಳು ಬತ್ತತೊಡಗಿದವು. ಅಂತರ್ಜಲದ ಬಹುಪಾಲು ಹೋಗುತ್ತಿದ್ದುದು ಕೃಷಿಗೆ, ಅದರಲ್ಲೂ ದ್ರಾಕ್ಷಿಗೆ. ಕೊಂಚ ನೀರಿಗಾಗಿ ಟ್ಯಾಂಕರ್ ತರಿಸಿಕೊಳ್ಳುವವರು ಬೇಲಿಯಾಚೆ ಹೊಸ ಬಳ್ಳಿ ನೆಡುವುದನ್ನು ಎಷ್ಟು ದಿನ ನೋಡಿಯಾರು? 2013ರ ಆಗಸ್ಟ್‌ನಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೊ ಜಿಲ್ಲಾಡಳಿತ ತುರ್ತು ಆದೇಶ ಹೊರಡಿಸಿತು. ಹೊಸದಾಗಿ ನೀರಾವರಿ ಮಾಡುವವರು ಅಷ್ಟೇ ಪ್ರಮಾಣದ ನೀರನ್ನು ಬೇರೆಡೆ ಉಳಿಸಿ ತೋರಿಸಬೇಕು ಎಂಬುದು ಅದರ ಸಾರ. ಅದೇ ವರ್ಷ ಸ್ಟೈನ್‌ಬೆಕ್ ತೋಟದ ಮುಂದಾಳತ್ವದಲ್ಲಿ ಭೂಮಾಲೀಕರ ಗುಂಪೊಂದು, ತಮ್ಮ ಜಮೀನಿನಡಿಯ ನೀರಿನ ಮೇಲಿನ ಹಕ್ಕನ್ನು ಘೋಷಿಸುವಂತೆ ಕೋರಿ ದಾವೆ ಹೂಡಿತು. ಮರುವರ್ಷ, 2014ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಅಂತರ್ಜಲ ನಿರ್ವಹಣೆ ಕಾಯ್ದೆಯನ್ನು ತಂದಿತು. ಪಾಸೊ ರೋಬ್ಲೆಸ್ ಜಲಾನಯನವು ತೀವ್ರ ಅತಿಬಳಕೆಯ ಪಟ್ಟಿಗೆ ಸೇರಿತು. 2040ರೊಳಗೆ ಬಳಕೆ ಮತ್ತು ಮರುಪೂರಣ ಸರಿದೂಗಬೇಕೆಂಬ ಗಡುವು ಬಿತ್ತು. ಸ್ಥಳೀಯ ಜಲ ಮಂಡಳಿ ರಚಿಸುವ ಪ್ರಸ್ತಾವವನ್ನು 2016ರ ಮತದಾನದಲ್ಲಿ ಜನರೇ ತಿರಸ್ಕರಿಸಿದರು. ನಿರ್ವಹಣಾ ಯೋಜನೆಗೆ ರಾಜ್ಯದ ಒಪ್ಪಿಗೆ ಸಿಗಲು 2023ರವರೆಗೆ ಕಾಯಬೇಕಾಯಿತು. ಕಾಯ್ದೆ ಬರೆಯುವುದು ಸುಲಭ, ಪಂಪಿಗೆ ಮೀಟರ್ ಕೂರಿಸುವುದು ಕಷ್ಟ ಎಂಬುದು ಶ್ರೀಮಂತ ರಾಜ್ಯಕ್ಕೂ ಅನ್ವಯಿಸುವ ಸಂಗತಿ.

ನೀರಿನಷ್ಟು ಸದ್ದು ಮಾಡದ ಇನ್ನೊಂದು ಅಪಾಯ ಚಕ್ರಕ್ಕೆ ಅಂಟಿಕೊಂಡು ಬರುತ್ತದೆ. ಫಿಲೊಕ್ಸೆರಾ ಎಂಬ ಅತಿ ಸೂಕ್ಷ್ಮ ಕೀಟ ದ್ರಾಕ್ಷಿಯ ಬೇರಿನ ರಸ ಹೀರಿ ಬಳ್ಳಿಯನ್ನೇ ಕೊಲ್ಲುತ್ತದೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿದ್ದು ಇದೇ. ಆಸ್ಟ್ರೇಲಿಯಾದ ಯಾರಾ ಕಣಿವೆಯಲ್ಲಿ 2006ರ ಕೊನೆಯಲ್ಲಿ ಇದು ಕಾಣಿಸಿಕೊಂಡ ಮೇಲೆ ಅಲ್ಲಿನ ಬೆಳೆಗಾರರು ಪ್ರವಾಸಿಯನ್ನು ನೋಡುವ ದೃಷ್ಟಿಯೇ ಬದಲಾಯಿತು. ಮಣ್ಣು ಮೆತ್ತಿದ ಶೂ, ಟೈರು, ಯಂತ್ರ ಇವೆಲ್ಲವೂ ಕೀಟದ ವಾಹಕಗಳು. ತೋಟಕ್ಕೆ ಕಾಲಿಡುವ ಮುನ್ನ ಪಾದರಕ್ಷೆಯನ್ನು ಕ್ಲೋರಿನ್ ದ್ರಾವಣದಲ್ಲಿ ಅದ್ದಿಸುವುದು, ಅಪ್ಪಣೆಯಿಲ್ಲದೆ ಸಾಲುಗಳ ನಡುವೆ ಹೋಗಬೇಡಿ ಎಂದು ಫಲಕ ಹಾಕುವುದು ಅಲ್ಲಿ ಈಗ ಸಾಮಾನ್ಯ. ಒಂದೇ ದಿನ ನಾಲ್ಕು ತೋಟ ಸುತ್ತಿಸುವ ವಾಹನದ ಬಗ್ಗೆ ಇಂಥವರು ಏನೆನ್ನುತ್ತಾರೆಂಬುದನ್ನು ಊಹಿಸಬಹುದು.

ನಾಪಾ ಕಣಿವೆ ಇನ್ನೂ ಹಿಂದೆಯೇ ಎಚ್ಚೆತ್ತಿತ್ತು. 1968ರಲ್ಲೇ ಕಣಿವೆಯನ್ನು ಕೃಷಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, ಜಮೀನನ್ನು ನಿವೇಶನಗಳಾಗಿ ಚೂರು ಮಾಡದಂತೆ ತಡೆಯಲಾಯಿತು. 1990ರ ನಿಯಮದ ಪ್ರಕಾರ ಹೊಸ ಘಟಕಗಳಿಗೆ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡವರಷ್ಟೇ ಹೋಗಬೇಕು. ಇಂದು 'ಖಾಸಗಿ ಪ್ರವಾಸ' ಎಂದು ಹೆಚ್ಚು ಬೆಲೆಗೆ ಮಾರಾಟವಾಗುವ ಸೇವೆಯ ಒಂದು ಬೇರು, ಜನದಟ್ಟಣೆ ತಡೆಯಲೆಂದು ಮಾಡಿದ ಇಂಥ ನಿಯಮಗಳಲ್ಲೂ ಇದೆ.

ಕರ್ನಾಟಕಕ್ಕೆ ಈ ಕಥೆ ದೂರದ್ದಲ್ಲ. ಫ್ರಾನ್ಸಿನ ಷಾಂಪೇನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಉದ್ಯಮಿ ಕಂವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ಫ್ರೆಂಚ್ ತಳಿಗಳನ್ನು ನೆಟ್ಟಿದ್ದು 1980ರ ದಶಕದ ಕೊನೆಯಲ್ಲಿ. ಆ ಸಂಸ್ಥೆ 2012ರಲ್ಲಿ ನಾಸಿಕ್‌ನ ಘಟಕವೊಂದರೊಂದಿಗೆ ವಿಲೀನಗೊಂಡು ಗ್ರೋವರ್ ಜಂಪಾ ಆಯಿತು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಪ್ರಕಟಿಸಿ ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ, ಹಂಪಿ ಬೆಟ್ಟಗಳೆಂದು ವಲಯಗಳನ್ನು ಗುರುತಿಸಿತು. ಮಹಾರಾಷ್ಟ್ರ ಇಂಥ ನೀತಿ ತಂದಿದ್ದು 2001ರಲ್ಲಿ. ನಾಸಿಕ್‌ನ ಸುಲಾ 2005ರಲ್ಲೇ ರುಚಿ ನೋಡುವ ಕೊಠಡಿ ತೆರೆದು, ವೈನ್ ಪ್ರವಾಸೋದ್ಯಮ ಎಂದರೇನೆಂಬುದನ್ನು ದೇಶಕ್ಕೆ ತೋರಿಸಿತು. ಬೆಂಗಳೂರಿನವರಿಗೆ ಈಗ ದೊಡ್ಡಬಳ್ಳಾಪುರವೂ ಹತ್ತಿರ, ಮೈಸೂರು ರಸ್ತೆಯ ಚನ್ನಪಟ್ಟಣವೂ ಹತ್ತಿರ. ತೋಟ ಸುತ್ತಿ, ಪೀಪಾಯಿ ನೋಡಿ, ನಾಲ್ಕೈದು ಬಗೆಯ ವೈನ್ ಸವಿದು, ಊಟ ಮುಗಿಸಿ ಸಂಜೆಗೆ ಮನೆ ಸೇರುವುದು ವಾರಾಂತ್ಯದ ರೂಢಿಯಾಗಿದೆ. ಇನ್ನೊಂದೆಡೆ ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಜೀಪಿನಲ್ಲಿ ಕುಲುಕಾಡುತ್ತ ಹೋಗುವ ಹುಮ್ಮಸ್ಸೂ ಇದೇ ವರ್ಗದ್ದು. ಈ ಎರಡು ಅಭಿರುಚಿಗಳು ನಂದಿ ತಪ್ಪಲಿನಲ್ಲಿ ಒಂದಾಗುವುದಕ್ಕೆ ಹೆಚ್ಚು ಕಲ್ಪನೆಯೇನೂ ಬೇಕಿಲ್ಲ.

ಹಾಗೆ ಒಂದಾದರೆ ಲಾಭ ಯಾರಿಗೆ? ಇಲ್ಲೊಂದು ಸೂಕ್ಷ್ಮವಿದೆ. ವೈನ್ ಕಂಪನಿಯ ತೋಟದಲ್ಲಿ ಬಳ್ಳಿಗಳನ್ನು ತಂತಿಗೆ ಕಟ್ಟಿ ಬೇಲಿಯಂತೆ ನೆಟ್ಟಗೆ ಬೆಳೆಸುತ್ತಾರೆ. ಸಾಲುಗಳ ನಡುವೆ ಟ್ರಾಕ್ಟರ್ ಓಡಾಡುವಷ್ಟು ಜಾಗವಿರುತ್ತದೆ, ಜೀಪೂ ಹೋಗಬಲ್ಲದು. ಆದರೆ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ರೈತ ತಲೆಮಾರುಗಳಿಂದ ಬೆಳೆಯುತ್ತ ಬಂದಿರುವ ಬೆಂಗಳೂರು ನೀಲಿ ದ್ರಾಕ್ಷಿಯದು ಚಪ್ಪರದ ಬೇಸಾಯ. ಕಲ್ಲುಕಂಬಗಳ ಮೇಲೆ ತಂತಿ ಹೆಣೆದು, ಆಳೆತ್ತರದಲ್ಲಿ ಬಳ್ಳಿ ಹಬ್ಬಿಸಿ, ಅದರಡಿ ಬಗ್ಗಿ ನಡೆಯುತ್ತ ಗೊಂಚಲು ಕೊಯ್ಯುವ ಕ್ರಮ ಅದು. ಆ ಚಪ್ಪರದೊಳಕ್ಕೆ ಜೀಪು ನುಗ್ಗುವುದಿಲ್ಲ. ದಪ್ಪ ಸಿಪ್ಪೆಯ, ಬೀಜವಿರುವ, ಘಮದಿಂದಲೇ ಗುರುತು ಸಿಗುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದರ ಬಹುಪಾಲು ಹೋಗುವುದು ಹಣ್ಣಿನಂಗಡಿಗೆ, ರಸದ ಕಾರ್ಖಾನೆಗೆ, ಅಗ್ಗದ ಸಿಹಿ ವೈನ್‌ಗೆ. ರುಚಿ ಕೊಠಡಿಯ ಪಟ್ಟಿಯಲ್ಲಿ ಕ್ಯಾಬರ್ನೆ, ಶಿರಾಜ್‌ಗಳದ್ದೇ ರಾಜ್ಯಭಾರ. ಹೀಗಾಗಿ 'ದ್ರಾಕ್ಷಿ ನಾಡಿನ ಪ್ರವಾಸ' ಎಂದು ಟಿಕೆಟ್ ಕೊಂಡವನು ಈ ನಾಡಿನ ದ್ರಾಕ್ಷಿಯನ್ನು ನೋಡದೆಯೇ ವಾಪಸಾಗುವ ಸಂಭವ ಹೆಚ್ಚು. ಚಪ್ಪರದ ರೈತನೊಬ್ಬ ಅತಿಥಿಗಳನ್ನು ನಡೆಸಿಕೊಂಡು ಹೋಗಿ ತೋಟ ತೋರಿಸಿ, ಕೊಯ್ದ ಹಣ್ಣನ್ನು ಅಲ್ಲೇ ತೂಗಿಕೊಡುವುದಕ್ಕೆ ಬಂಡವಾಳವೇನೂ ಬೇಡ. ವೈನ್ ನೀತಿಯ ಚರ್ಚೆಗಳಲ್ಲಿ ಕಾಣಬೇಕಾದುದು ಇಂಥ ರೈತನೇ.

ಕಾನೂನಿನ ತೊಡಕುಗಳನ್ನು ಬೇಗ ಹೇಳಿ ಮುಗಿಸಬಹುದು. ಬಾಡಿಗೆಗೆ ಜನರನ್ನು ಕರೆದೊಯ್ಯುವ ವಾಹನಕ್ಕೆ ಹಳದಿ ಫಲಕ, ಪರ್ಮಿಟ್ ಬೇಕು. ಬಿಳಿ ಫಲಕದ ಜೀಪಿಗೆ ಅವಕಾಶವಿಲ್ಲ. ತೋಟದೊಳಗೆ ಚಾಲಕ ಬೇರೆಯವನಾದರೂ, ಬೆಂಗಳೂರಿಗೆ ಮರಳುವ ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಡಿಯುವವನು ಅತಿಥಿಯೇ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಾಂಶ ದಾಟಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ ಆಗಬಹುದು. ಐದು ಬಗೆಯ ವೈನ್ ಸುರಿದುಕೊಟ್ಟ ಮೇಲೆ ಮನೆಗೆ ಹೋಗುವ ವಾಹನದ ಹೊಣೆಯನ್ನೂ ಪ್ರವಾಸದ ದರದಲ್ಲೇ ಸೇರಿಸುವುದು ವಿವೇಕ.

ನಿಜವಾದ ತೊಡಕು ಪಾಸೊ ರೋಬ್ಲೆಸ್‌ನದೇ. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ ಹುಟ್ಟುವುದು ನಂದಿಯ ಆಸುಪಾಸಿನ ಬೆಟ್ಟಗಳಲ್ಲೇ; ಆದರೂ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳನ್ನು ನಂಬಿದ್ದ ಬಯಲು ಕೊಳವೆಬಾವಿಗೆ ತಿರುಗಿ, ಸಾವಿರ ಅಡಿ ದಾಟಿ ಕೊರೆದರೂ ನೀರು ಖಾತ್ರಿಯಿಲ್ಲದ ಸ್ಥಿತಿಗೆ ಬಂದಿದೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಬಯಲುಸೀಮೆಗೆಂದೇ ರೂಪಿಸಿದ ಎತ್ತಿನಹೊಳೆಯ ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಕ್ಯಾಲಿಫೋರ್ನಿಯಾದಂತೆಯೇ ಇಲ್ಲಿಯೂ ಅಂತರ್ಜಲದ ಹಕ್ಕು ಜಮೀನಿಗೆ ಅಂಟಿಕೊಂಡಿದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಛಾಯೆ ಇನ್ನೂ ಹೋಗಿಲ್ಲ. ರಾಜ್ಯದ 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿ ಬೇಕು. ಕೊರೆದ ಮೇಲೆ ಎಷ್ಟು ಎತ್ತಿದರೆಂದು ಅಳೆಯುವವರಾರು?

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಹನಿ ನೀರಾವರಿಯ ವೈನ್ ದ್ರಾಕ್ಷಿ ನೀರು ಕುಡಿಯುವ ಬೆಳೆಯಲ್ಲ. ಹಣ್ಣಿನಲ್ಲಿ ರಸಗಾಢತೆ ಬರಲೆಂದು ಬಳ್ಳಿಗೆ ಬೇಕೆಂದೇ ನೀರು ಕಡಿಮೆ ಕೊಡುವುದುಂಟು. ನೀರು ಹೆಚ್ಚು ಬೇಡುವುದು ಅದರ ಸುತ್ತ ಬೆಳೆಯುವ ರೆಸಾರ್ಟ್, ಹುಲ್ಲುಹಾಸು, ಈಜುಕೊಳಗಳು. ಪ್ರವಾಸೋದ್ಯಮಕ್ಕೆ ಅನುಮತಿ ನೀಡುವಾಗ ತೋಟದ ನೀರನ್ನೂ ಅತಿಥಿಗೃಹದ ನೀರನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕಾದ ಕಾರಣ ಇದೇ.

ಇದಕ್ಕೆ ಜಮೀನಿನ ಪ್ರಶ್ನೆಯೂ ತಳಕು ಹಾಕಿಕೊಂಡಿದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವ ದಾರಿ ತೆರೆಯಿತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದರು. ಬೇಸಾಯದ ನೆಲ ಬೇಸಾಯಕ್ಕೇ ಉಳಿಯಬೇಕೆಂಬ ಅವರ ಪಟ್ಟು ನಾಪಾದ 1968ರ ನಿರ್ಧಾರಕ್ಕೆ ಹತ್ತಿರದ್ದು. ವ್ಯತ್ಯಾಸವೆಂದರೆ, ಅಲ್ಲಿ ಅದು ಮುಂಗಾಣ್ಕೆಯಿಂದ ಬಂತು, ಇಲ್ಲಿ ಧರಣಿಯಿಂದ. ಪ್ರವಾಸಿಯನ್ನು ಬರಮಾಡಿಕೊಳ್ಳುವ ತೋಟ ಈ ಪಟ್ಟಿಗೆ ಬಲವಾಗಬಲ್ಲದು, ಏಕೆಂದರೆ ಬಳ್ಳಿ ಇದ್ದರಷ್ಟೇ ಅತಿಥಿ ಬರುತ್ತಾನೆ. ತೋಟ ನೆಪವಾಗಿ ವಿಲ್ಲಾಗಳು ಏಳುವುದಾದರೆ ಆ ಮಾತು ತಿರುಗುಮುರುಗಾಗುತ್ತದೆ.

ಇನ್ನು ಋತುವಿನ ಲೆಕ್ಕ. ವೈನ್ ದ್ರಾಕ್ಷಿಗೆ ಇಲ್ಲಿ ವರ್ಷಕ್ಕೆರಡು ಬಾರಿ ಸವರುವಿಕೆ: ಬೇಸಿಗೆಯಲ್ಲೊಮ್ಮೆ ಕಡ್ಡಿಗಾಗಿ, ಮಳೆಗಾಲ ಮುಗಿಯುವಾಗ ಹಣ್ಣಿಗಾಗಿ. ಕೊಯ್ಲು ಮುಖ್ಯವಾಗಿ ಫೆಬ್ರುವರಿ-ಮಾರ್ಚ್‌ನಲ್ಲಿ. ಆದರೆ ನಂದಿಗೆ ಬೆಂಗಳೂರು ಮುಗಿಬೀಳುವುದು ಮಂಜು ಕವಿಯುವ ಮಳೆಗಾಲದಲ್ಲಿ ಮತ್ತು ಅದರ ಬೆನ್ನಲ್ಲೇ. ಕೆಂಪುಮಣ್ಣು ಹಸಿಯಾಗಿದ್ದಾಗ ಚಕ್ರ ಓಡಿದರೆ ನೆಲ ಗಟ್ಟಿಯಾಗಿ ಬೇರಿಗೆ ಗಾಳಿ ಸೇರುವುದಿಲ್ಲ, ಚಕ್ರದ ಗುರುತೇ ನೀರಿನ ಕಾಲುವೆಯಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಬೂಜುರೋಗಕ್ಕೆ ಔಷಧ ಹೊಡೆಯುವ ದಿನಗಳೂ ಅವೇ. ಸಿಂಪಡಣೆಯಾದ ಸಾಲಿಗೆ ಇಷ್ಟು ಹೊತ್ತು ಯಾರೂ ಕಾಲಿಡಬಾರದೆಂಬ ನಿಯಮ ಕೂಲಿಯಾಳಿಗೆ ಎಷ್ಟೋ, ಅತಿಥಿಗೂ ಅಷ್ಟೇ. 2021ರ ಆಗಸ್ಟ್‌ನ ಮಳೆಗೆ ನಂದಿಬೆಟ್ಟದ ದಾರಿಯಲ್ಲೇ ಗುಡ್ಡ ಕುಸಿದು ವಾಹನ ಸಂಚಾರ ನಿಂತಿತ್ತು. ಅದು ಡಾಂಬರು ರಸ್ತೆ. ತೋಟದೊಳಗಿನ ಮಣ್ಣುದಾರಿಗೆ ಜೂನ್‌ನಿಂದ ನವೆಂಬರ್‌ವರೆಗೆ ಜೀಪು ಬಿಡದೆ, ಅತಿಥಿಗಳನ್ನು ಬದುವಿನ ಮೇಲೆ ನಡೆಸಿಕೊಂಡೇ ಕರೆದೊಯ್ಯುವುದಕ್ಕೆ ಸರ್ಕಾರದ ಆದೇಶಕ್ಕಾಗಿ ಯಾರೂ ಕಾಯಬೇಕಾಗಿಲ್ಲ.