ಒಂಟಿ ಗೂಟದ ಹೋರಿಗರು

ಹಾಲು ಬಿಡಿಸಿದ ಹಳ್ಳಿಕಾರ್ ಹೋರಿಗರುವನ್ನು ಕೊಟ್ಟಿಗೆಯ ಮೂಲೆಯಲ್ಲಿ ಒಂಟಿಯಾಗಿ ಕಟ್ಟುವುದು ನಮ್ಮಲ್ಲಿ ಹಲವರ ರೂಢಿ. ಹಿಂಡಿ, ಬೂಸಾಕ್ಕೆ ಕೊರತೆ ಮಾಡುವುದಿಲ್ಲ. ಜೊತೆ ಮಾತ್ರ ಇಲ್ಲ. ಇಂಥ ಕರು ಮುಂದೆ ಜಾತ್ರೆಯಲ್ಲಿ ಬೆದರುವುದು, ಜೋಡಿ ಎತ್ತನ್ನು ಹಾಯುವುದು ಹೆಚ್ಚು. ಆಗ ನಾವು ತಳಿಯನ್ನು ದೂರುತ್ತೇವೆ!

ಕುದುರೆ ಸಾಕುವವರು ಈ ವಿಷಯದಲ್ಲಿ ನಮಗಿಂತ ಜಾಣರು. ಸುಮಾರು 6 ತಿಂಗಳಿಗೆ ಹಾಲು ಬಿಡಿಸಿದ ಮರಿಗಳನ್ನು ಓರಗೆಯ ಮರಿಗಳೊಡನೆ ಬಯಲಿಗೆ ಬಿಟ್ಟು, ಜೊತೆಗೊಂದು ಸಾಧು ಸ್ವಭಾವದ ಹಳೆಯ ಕುದುರೆಯನ್ನೂ ಇಡುತ್ತಾರೆ. ಮಿತಿ ಮೀರಿದ ಮರಿಯನ್ನು ಅದು ಕಿವಿ ಹಿಂದಕ್ಕೆ ಮಡಿಸಿ ಗದರಿಸುತ್ತದೆ. ಆ ಪಾಠವನ್ನು ಚಾಟಿ ಕಲಿಸಲಾರದು.

ಹಿಂಡೊಂದೇ ಸಾಲದು. ಅಮೃತಮಹಲ್ ಕಾವಲುಗಳ ಕರುಗಳು ಹಿಂಡಿನಲ್ಲೇ ಬೆಳೆದರೂ ಮನುಷ್ಯರ ಕೈ ಸೋಕದೆ ಪಳಗಿಸಲು ಕಷ್ಟವಾಗುತ್ತಿದ್ದವು. ಆದ್ದರಿಂದ ದಿನಕ್ಕೊಮ್ಮೆ ಮೈ ತಿಕ್ಕಿ, ಕಾಲೆತ್ತಿ ನೋಡಿ.

‘ಗೋಮಾಳ ಎಲ್ಲುಳಿದಿದೆ ಸ್ವಾಮಿ?’ ಎಂದು ನೀವು ಕೇಳುವುದು ನ್ಯಾಯವೇ. 4 ಮನೆಯವರು ಸೇರಿ ಒಂದು ಹಿತ್ತಲಿಗೆ ಬೇಲಿ ಹಾಕಿದರೂ ನಡೆಯುತ್ತದೆ. ಕರುಗಳನ್ನು ಕೂಡಿಸುವ ಮೊದಲು ಜಂತುಹುಳುವಿನ ಔಷಧಿ, ಕಾಲುಬಾಯಿ ಜ್ವರದ ಲಸಿಕೆ ಆಗಿರಲಿ. ತೀರಾ ಸಣ್ಣ ಕರುವಿಗೆ ಬೇರೆ ಗೋದಲಿಯಲ್ಲಿ ಮೇವು ಹಾಕಿ. ಇಲ್ಲವಾದರೆ ಅದರ ಪಾಲನ್ನೂ ದೊಡ್ಡವೇ ತಿಂದು ಮುಗಿಸುತ್ತವೆ.