ಸರ್ಕಾರ ಬಿದ್ದರೆ ಬೀಳಲಿ, ರೈಲು ಯಾಕೆ ನಿಲ್ಲಬೇಕು?

ಊರು ಬಿಟ್ಟು ಬೆಂಗಳೂರು ಸೇರಿದ ಹಾಸನ ಸೀಮೆಯ ಗೆಳೆಯರೇ,

"ಅಭಿವೃದ್ಧಿ ಬೇಕಾದರೆ ಸ್ಥಿರ ಸರ್ಕಾರ ಕೊಡಿ!" ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷದವರೂ ನಿಮ್ಮ ಕಿವಿಗೆ ಊದುವ ಮಂತ್ರ ಇದು. ಗೆದ್ದ ಮೇಲೆ ಶಾಸಕರನ್ನು ಬಸ್ಸಿಗೆ ತುಂಬಿ ರೆಸಾರ್ಟಿಗೆ ಸಾಗಿಸುವವರೂ ಇವರೇ! 2019ರ ಜುಲೈ 23ರಂದು 99ಕ್ಕೆ 105 ಮತಗಳಿಂದ ಸರ್ಕಾರ ಉರುಳಿದ್ದನ್ನು ನೀವೇ ಕಂಡಿದ್ದೀರಿ. ಈ ಮಂತ್ರವನ್ನು ಒಮ್ಮೆ ಒರೆಗೆ ಹಚ್ಚೋಣ.

1989ರಿಂದ 1994ರವರೆಗೆ ವೀರೇಂದ್ರ ಪಾಟೀಲ, ಬಂಗಾರಪ್ಪ, ಮೊಯ್ಲಿ. ಒಂದೇ ವಿಧಾನಸಭೆ, ಒಂದೇ ಪಕ್ಷ, ಮೂವರು ಮುಖ್ಯಮಂತ್ರಿಗಳು! ದೆಹಲಿಯಲ್ಲಿ 1991ರಲ್ಲಿ ಗದ್ದುಗೆ ಏರಿದಾಗ ನರಸಿಂಹರಾಯರಿಗೆ ಬಹುಮತವೇ ಇರಲಿಲ್ಲ. ಆದರೂ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೇರು ಬಿಟ್ಟಿದ್ದು ಆ ದಿನಗಳಲ್ಲೇ. ಯಾಕೆ? ಅದರ ಗಿರಾಕಿ ಅಮೆರಿಕದಲ್ಲಿದ್ದ. ಇಲ್ಲಿ ಮುಖ್ಯಮಂತ್ರಿ ಬದಲಾದರೆ ಅವನಿಗೇನು?

ಕಟ್ಟಾಯದ ರೈತನಿಗೆ ಅಂಥ ಗಿರಾಕಿ ಎಲ್ಲಿದ್ದಾನೆ? ಅವನಿಗೆ ಬೇಕಾದ ನಾಲೆ, ರಸ್ತೆ, ರೈಲು ಎಲ್ಲಕ್ಕೂ ವರ್ಷವರ್ಷ ಸರ್ಕಾರದ ಬಜೆಟ್ಟಿನಿಂದಲೇ ಹಣ ಬರಬೇಕು. ಒಂದು ವರ್ಷ ಹಣ ತಪ್ಪಿದರೆ ಅಗೆದ ಜಾಗದಲ್ಲಿ ಮುಳ್ಳುಗಿಡ ಬೆಳೆಯುತ್ತದೆ. ವಿಧಾನಸೌಧದ ಕುರ್ಚಿ ಅಲ್ಲಾಡಿದಾಗ ಪೆಟ್ಟು ತಿನ್ನುವುದು ನಮ್ಮ ಹೋಬಳಿಗಳು.

ಲೆಕ್ಕ ಬೇಕೇ? ಬೆಂಗಳೂರು-ಹಾಸನ ನೇರ ರೈಲು ಮಾರ್ಗ ಮಂಜೂರಾಗಿದ್ದು 1996-97ರಲ್ಲಿ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರೇ ಆಗ ಪ್ರಧಾನಿ. 1996ರ ಜೂನ್ 1ಕ್ಕೆ ಅಧಿಕಾರ ಹಿಡಿದ ಅವರನ್ನು ವರ್ಷ ತುಂಬುವ ಮೊದಲೇ, 1997ರ ಏಪ್ರಿಲ್‌ನಲ್ಲಿ ಇಳಿಸಿದರು. ಆ ಮಾರ್ಗದ ಉದ್ದಕ್ಕೂ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. ಇಪ್ಪತ್ತು ವರ್ಷ! ಹಾಸನದ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದು 2007ರಲ್ಲಿ. ಅದೇ ವರ್ಷ ಸರ್ಕಾರವೂ ಬಿತ್ತು. ಕೆಲಸಕ್ಕೆ ಮತ್ತೆ ಜೀವ ಬಂದಿದ್ದು 2021ರಲ್ಲಿ.

ಹಾಗಾದರೆ ಸ್ಥಿರ ಸರ್ಕಾರ ಬಂದರೆ ಸಾಕೇ? ಅದೂ ಸುಳ್ಳು! 1999ರಿಂದ 2014ರವರೆಗೆ ದೆಹಲಿಯಲ್ಲಿ ವಾಜಪೇಯಿ, ಮನಮೋಹನ್ ಸಿಂಗ್ ಇಬ್ಬರೇ ಪ್ರಧಾನಿಗಳು. ಕುರ್ಚಿ ಗಟ್ಟಿಯಾಗಿತ್ತು. ನಮ್ಮ ರೈಲು ಮಾತ್ರ ಆ ಹದಿನೈದು ವರ್ಷಗಳಲ್ಲೂ ಮುಗಿಯಲಿಲ್ಲ. ಕೇಳುವ ಬಾಯಿ ಇಲ್ಲದಿದ್ದರೆ ಸ್ಥಿರ ಸರ್ಕಾರ ಸ್ಥಿರವಾಗಿ ನಿದ್ದೆ ಹೊಡೆಯುತ್ತದೆ!

ಆ ಬಾಯಿ ನಿಮ್ಮದಾಗಬೇಕು. ನಿಮ್ಮಲ್ಲಿ ಎಷ್ಟೋ ಮಂದಿಯ ಓಟು ಇನ್ನೂ ಊರಲ್ಲೇ ಇದೆ. ಕಟ್ಟಾಯದವರ ತಾಲ್ಲೂಕು ಹಾಸನ, ಓಟು ಸಕಲೇಶಪುರ ಕ್ಷೇತ್ರಕ್ಕೆ. "ಅದು ನನ್ನ ವ್ಯಾಪ್ತಿಯಲ್ಲ" ಎಂದು ಜಾರಿಕೊಳ್ಳಲು ಯಾರಿಗೂ ಬಿಡಬೇಡಿ. ಮನೆಬಾಗಿಲಿಗೆ ಬಂದವನಿಗೆ ಜಾತಿ ಕೇಳಬೇಡಿ, ಪಕ್ಷ ಕೇಳಬೇಡಿ. ಇಷ್ಟು ಕೇಳಿ: ನಮ್ಮೂರ ಕೆಲಸಕ್ಕೆ ಈ ವರ್ಷ ಎಷ್ಟು ಹಣ ಇಟ್ಟಿರಿ? ಎಷ್ಟು ಖರ್ಚಾಯಿತು? ಮುಗಿಯುವ ತಾರೀಖು ಯಾವುದು? ನಾಳೆ ನೀವು ಪಕ್ಷ ಹಾರಿದರೆ ಈ ಕೆಲಸ ಯಾರ ಹೊಣೆ?

ಉತ್ತರ ಬರವಣಿಗೆಯಲ್ಲಿ ಬರಲಿ. ಕನ್ನಡದಲ್ಲೇ ಬರಲಿ. ಕೊಡದವನು ಯಾವ ಪಕ್ಷದವನೇ ಆಗಲಿ, ಬಾಗಿಲು ಹಾಕಿಕೊಳ್ಳಿ!